ಕುರುಹುಗಳನ್ನು ಅರಸಿ ಹೊರಟ ಸಲ್ಮಾನ್ ಫಾರಿಸೀ(ರ)

ಅಂತ್ಯ ಪ್ರವಾದಿಯ ಆಗಮನದ ಸುವಾರ್ತೆ ಪೂರ್ವ ಗ್ರಂಥಗಳಲ್ಲಿ ಇತ್ತೆಂದು ನಾವು ಮದ್ರಸದ ದಿನಗಳಿಂದಲೇ ಕೇಳುತ್ತ ಬಂದಿದ್ದೇವೆ. ಆ ಸುವಾರ್ತೆಯನ್ನು ಕೇಳಿ ಸುಮ್ಮನಿರದೆ, ಅದರ ಬೆನ್ನುಹತ್ತಿ ಬದುಕನ್ನೇ ಪಣಕ್ಕಿಟ್ಟ ಸಹಾಬಿಯೊಬ್ಬರ ಕಥೆ ಇಲ್ಲಿದೆ. ಅವರೇ ಹ. ಸಲ್ಮಾನ್ ಫಾರಿಸೀ(ರ).

ಇಬ್ನ್ ಇಸ್‌ಹಾಕರ ಸೀರಾ ಗ್ರಂಥದಲ್ಲಿ ಅವರ ವೃತ್ತಾಂತ ವಿವರವಾಗಿ ಬಂದಿದೆ. ಇರಾನಿನ ಇಸ್ಫಹಾನ್ ಸಮೀಪದ ಜಯ್ಯ್ ಅವರ ಊರು. ತಂದೆ ಊರಿನ ಮುಖಂಡ. ಪವಿತ್ರ ಅಗ್ನಿ ಆರದಂತೆ ಕಾಯುವುದು ಮಗನ ಕೆಲಸ. ಒಂದು ದಿನ ಹೊಲಕ್ಕೆ ಹೊರಟವರು ದಾರಿಯಲ್ಲಿ ಚರ್ಚಿನ ಪ್ರಾರ್ಥನೆಗೆ ಮನಸೋತು ಸಂಜೆಯವರೆಗೂ ಅಲ್ಲೇ ಉಳಿದರು. ತಂದೆ ಕಾಲಿಗೆ ಬೇಡಿ ಹಾಕಿದರು. ಸಲ್ಮಾನ್ ಅದನ್ನು ಕಳಚಿಕೊಂಡು ಸಿರಿಯಾಕ್ಕೆ ಹೊರಟುಹೋದರು.

ಅಲ್ಲಿಂದ ಮೋಸುಲ್, ನಸೀಬೀನ್, ಅಮ್ಮೂರಿಯ. ಒಬ್ಬ ಗುರು ತೀರಿಕೊಂಡರೆ ಮತ್ತೊಬ್ಬರ ಸೇವೆ. ಅಮ್ಮೂರಿಯದ ಕ್ರೈಸ್ತ ಗುರು ಸಾಯುವ ಮುನ್ನ, ಅರಬರ ನಾಡಿನಲ್ಲಿ ಪ್ರವಾದಿಯೊಬ್ಬರು ಬರುವ ಕಾಲ ಸಮೀಪಿಸಿದೆಯೆಂದು ತಿಳಿಸಿ ಕುರುಹುಗಳನ್ನು ಹೇಳಿದರು. ಅವರು ವಲಸೆ ಬರುವ ಊರು ಎರಡು ಕಪ್ಪು ಕಲ್ಲುಬಯಲುಗಳ ನಡುವಿನ ಖರ್ಜೂರದ ನಾಡು. ಅವರು ಸದಕಾ ತಿನ್ನುವುದಿಲ್ಲ, ಉಡುಗೊರೆ ಸ್ವೀಕರಿಸುತ್ತಾರೆ. ಭುಜಗಳ ನಡುವೆ ಪ್ರವಾದಿತ್ವದ ಮುದ್ರೆ ಇರುತ್ತದೆ.

ತಮ್ಮ ದನಕುರಿಗಳನ್ನೆಲ್ಲ ಕೊಟ್ಟು ಸಲ್ಮಾನ್ ಅರಬ್ ವರ್ತಕರ ಜೊತೆ ಹೊರಟರು. ವರ್ತಕರು ವಂಚಿಸಿ ಅವರನ್ನೇ ಗುಲಾಮರಾಗಿ ಮಾರಿದರು. ಕೈಯಿಂದ ಕೈಗೆ ಸಾಗಿ ತಲುಪಿದ್ದು ಯಸ್‌ರಿಬ್, ಅಂದರೆ ಇಂದಿನ ಮದೀನ.

622ರಲ್ಲಿ ಪ್ರವಾದಿ(ಸ) ಕುಬಾಕ್ಕೆ ಬಂದ ಸುದ್ದಿ ಕೇಳಿದಾಗ ಅವರು ಯಜಮಾನನ ಖರ್ಜೂರದ ಮರದ ಮೇಲಿದ್ದರು. ಇಷ್ಟು ವರ್ಷ ಕಾದವರು ಕೂಡಲೇ ನಂಬಿದರೇ? ಇಲ್ಲ. ಮೊದಲು ಸದಕಾ ಎಂದು ಆಹಾರ ಒಯ್ದರು. ಪ್ರವಾದಿ(ಸ) ಅದನ್ನು ಸಂಗಾತಿಗಳಿಗೆ ಕೊಟ್ಟು ತಾವು ಮುಟ್ಟಲಿಲ್ಲ. ಮತ್ತೊಮ್ಮೆ ಉಡುಗೊರೆ ಎಂದು ಒಯ್ದಾಗ ತಿಂದರು. ಕೊನೆಗೆ ಮುದ್ರೆಯನ್ನೂ ಕಂಡು ಸಲ್ಮಾನ್ ಅತ್ತುಬಿಟ್ಟರು.

ಅವರ ಬಿಡುಗಡೆಯ ಬೆಲೆ 300 ಖರ್ಜೂರದ ಸಸಿ ಮತ್ತು 40 ಊಕಿಯ ಚಿನ್ನ. ಸಹಾಬಿಗಳು ಸಸಿಗಳನ್ನು ಕೂಡಿಸಿದರು, ಪ್ರವಾದಿ(ಸ) ತಮ್ಮ ಕೈಯಾರೆ ನೆಟ್ಟರು. 627ರಲ್ಲಿ ಮದೀನದ ರಕ್ಷಣೆಗೆ ಕಂದಕ ತೋಡುವ ಸಲಹೆ ಸಲ್ಮಾನರದೇ. ಮುಂದೆ ಮದಾಇನ್‌ನ ರಾಜ್ಯಪಾಲರಾದಾಗಲೂ ಅವರು ಬುಟ್ಟಿ ಹೆಣೆದು ಜೀವಿಸಿದರು.

ಓದುಗರೇ, ಗ್ರಂಥಗಳ ವಾಕ್ಯ ಹಿಡಿದು ವಾದಕ್ಕಿಳಿಯುವುದು ಸುಲಭ. ಸಲ್ಮಾನ್(ರ) ವಾದಿಸಲಿಲ್ಲ, ಒಬ್ಬರು ಏನು ತಿನ್ನುತ್ತಾರೆ, ಏನನ್ನು ಬಿಡುತ್ತಾರೆ ಎಂಬುದನ್ನು ಕಣ್ಣಾರೆ ನೋಡಿ ನಂಬಿದರು. ನಮ್ಮನ್ನೂ ಯಾರಾದರೂ ಹಾಗೆ ನೋಡುತ್ತಿರಬಹುದಲ್ಲವೇ? ಮಕ್ಕಳಿಗೆ ಸಲ್ಮಾನ್ ಎಂದು ಪ್ರೀತಿಯಿಂದ ಹೆಸರಿಡುವ ನಾವು, ಕೇಳಿದ್ದನ್ನು ಪರೀಕ್ಷಿಸುವ, ನಂಬಿದಂತೆ ಬದುಕುವ ಅವರ ಗುಣವನ್ನೂ ಕಲಿಸೋಣ.