ಪಂಕ್ತಿಭೇದವನ್ನೊಪ್ಪದ ಸಂತ ಪೌಲರು

ಪ್ರತಿವರ್ಷ ಜನವರಿ 25ರಂದು ಧರ್ಮಸಭೆಯು ಸಂತ ಪೌಲರ ಮನಪರಿವರ್ತನೆಯ ಹಬ್ಬವನ್ನೂ, ಜೂನ್ 29ರಂದು ಸಂತ ಪೇತ್ರರೊಡನೆ ಅವರ ಮಹೋತ್ಸವವನ್ನೂ ಆಚರಿಸುತ್ತದೆ. ಬಹಳಷ್ಟು ಭಾನುವಾರಗಳಲ್ಲಿ ಅವರ ಪತ್ರಗಳ ವಾಚನವಿರುತ್ತದೆ. ಆದರೂ ಆ ಪತ್ರಗಳಲ್ಲಿ ಬರುವ ದೇವರ ಗುಪ್ತ ಯೋಜನೆಯೆಂಬ ಮಾತನ್ನು ನಾವು ಕೇಳಿಯೂ ಕೇಳದವರಂತೆ ದಾಟಿಬಿಡುತ್ತೇವೆ. ಯುಗಯುಗಗಳಿಂದ ದೇವರಲ್ಲಿ ಅಡಗಿದ್ದು ಯೇಸುಕ್ರಿಸ್ತರಲ್ಲಿ ಬಯಲಾದ ಉದ್ಧಾರದ ಸಂಕಲ್ಪವೇ ಅದು. ಯೆಹೂದ್ಯ ಕುಲದಲ್ಲಿ ಹುಟ್ಟದವರೂ ದೇವರ ಮನೆಯಲ್ಲಿ ಸಮಾನ ಹಕ್ಕುದಾರರೆಂಬುದೇ ಅದರ ತಿರುಳು. ಹಾಗಿಲ್ಲದಿದ್ದರೆ ಹೊಸಪೇಟೆ, ಸಂಡೂರು, ಕಂಪ್ಲಿ, ಕುರೆಕುಪ್ಪಗಳ ನಮಗೆ ಆ ಮನೆಯಲ್ಲಿ ಪಾಲೆಲ್ಲಿಯದು?

ಈ ಯೋಜನೆಯನ್ನು ಸಾರಲು ದೇವರು ಆರಿಸಿಕೊಂಡದ್ದು ಅದನ್ನು ಅತಿಯಾಗಿ ವಿರೋಧಿಸಿದವನನ್ನೇ ಎಂಬುದು ಸೋಜಿಗ. ಇಂದಿನ ಟರ್ಕಿ ದೇಶದಲ್ಲಿರುವ ತಾರ್ಸ ಪಟ್ಟಣದ ಯೆಹೂದ್ಯ ಮನೆತನದಲ್ಲಿ ಸೌಲನು ಹುಟ್ಟಿದನು. ಹುಟ್ಟಿನಿಂದಲೇ ರೋಮ್ ಸಾಮ್ರಾಜ್ಯದ ಪೌರತ್ವ ಆತನಿಗಿತ್ತು. ಪೌಲನೆಂಬುದು ಆತನ ರೋಮನ್ ಹೆಸರು. ಗುಡಾರ ಮಾಡುವುದು ಆತನ ಕಸುಬು. ಜೆರುಸಲೇಮಿನಲ್ಲಿ ಗಮಲಿಯೇಲನೆಂಬ ಮಹಾಪಂಡಿತನ ಬಳಿ ಧರ್ಮಶಾಸ್ತ್ರವನ್ನು ಕಲಿತನು. ಸಂತ ಸ್ತೆಫಾನರನ್ನು ಕಲ್ಲೆಸೆದು ಕೊಲ್ಲುವಾಗ ಕೊಲೆಗಾರರ ಮೇಲಂಗಿಗಳನ್ನು ಕಾಯುತ್ತಿದ್ದ ಯುವಕನು ಈತನೇ.

ಕ್ರೈಸ್ತರನ್ನು ಬಂಧಿಸಿ ತರಲು ದಮಸ್ಕಕ್ಕೆ ಹೊರಟಿದ್ದ ಸೌಲನು ದಾರಿಯಲ್ಲಿ ದಿವ್ಯ ಪ್ರಕಾಶಕ್ಕೆ ಸಿಲುಕಿ ನೆಲಕ್ಕುರುಳಿದನು. ತಾನು ಹಿಂಸಿಸುತ್ತಿರುವುದು ಯೇಸುಸ್ವಾಮಿಯನ್ನೇ ಎಂಬ ಅರಿವು ಆತನಿಗೆ ಆಗ ಉಂಟಾಯಿತು. ಮೂರು ದಿನ ಕಣ್ಣು ಕಾಣದೆ, ಅನ್ನ ನೀರು ಮುಟ್ಟದೆ ಇದ್ದ ಆತನ ಮೇಲೆ ಕೈಯಿರಿಸಿ ಸಹೋದರನೆಂದು ಸಂಬೋಧಿಸಿದವನು ಅನನೀಯನೆಂಬ ಶಿಷ್ಯ. ಹಿಡಿಯಬಂದವನನ್ನು ಹೊರಗಿನವನೆಂದು ತಳ್ಳದೆ ಒಳಗೆ ಬರಮಾಡಿಕೊಂಡ ಆ ಅನುಭವವನ್ನು ಪೌಲರು ಬದುಕಿನುದ್ದಕ್ಕೂ ಮರೆತಂತೆ ಕಾಣುವುದಿಲ್ಲ.

ಮುಂದೆ ಬಾರ್ನಬರು ಅವರನ್ನು ಅಂತಿಯೋಕ್ಯಕ್ಕೆ ಕರೆತಂದರು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಈ ಊರಿನಲ್ಲಿಯೇ. ಅಲ್ಲಿಂದ ಹೊರಟು ಪೌಲರು ಸೈಪ್ರಸ್, ಗಲಾತ್ಯ, ಫಿಲಿಪ್ಪಿ, ಅಥೆನ್ಸ್, ಕೊರಿಂಥಗಳವರೆಗೆ ಶುಭಸಂದೇಶವನ್ನೊಯ್ದರು. ಯೆಹೂದ್ಯೇತರರು ಕ್ರೈಸ್ತರಾಗಲು ಸುನ್ನತಿಯ ಅಗತ್ಯವಿಲ್ಲವೆಂದು ಸುಮಾರು ಕ್ರಿ.ಶ. 49ರಲ್ಲಿ ಜೆರುಸಲೇಮಿನ ಸಭೆ ತೀರ್ಮಾನಿಸಿತು. ಆದರೆ ತೀರ್ಮಾನ ಊಟದ ಪಂಕ್ತಿಗೆ ಇಳಿಯುವುದು ಅಷ್ಟು ಸುಲಭವಾಗಿರಲಿಲ್ಲ. ಅಂತಿಯೋಕ್ಯದಲ್ಲಿ ಯೆಹೂದ್ಯೇತರರೊಡನೆ ಕುಳಿತು ಉಣ್ಣುತ್ತಿದ್ದ ಪೇತ್ರರು, ಜೆರುಸಲೇಮಿನಿಂದ ಕೆಲವರು ಬಂದಾಗ ಅವರಿಗೆ ಅಂಜಿ ಹಿಂದೆ ಸರಿದರು. ಬಾರ್ನಬರೂ ಅವರನ್ನು ಅನುಸರಿಸಿದರು. ಪೌಲರು ಎಲ್ಲರೆದುರಿಗೆ ಪೇತ್ರರನ್ನು ಖಂಡಿಸಿದರು. ದೇವರು ಒಂದಾಗಿಸಿದವರನ್ನು ಎರಡು ಪಂಕ್ತಿಯಲ್ಲಿ ಕೂರಿಸಿದರೆ ಶುಭಸಂದೇಶಕ್ಕೇ ಮೋಸವಾಗುತ್ತದೆಂಬುದು ಅವರ ನಿಲುವು.

ಈ ನಿಲುವಿಗಾಗಿ ಅವರು ತೆತ್ತ ಬೆಲೆ ದೊಡ್ಡದು. ಆ ಕಾಲದ ಜೆರುಸಲೇಮ್ ದೇವಾಲಯದಲ್ಲಿ ಪರಕೀಯರನ್ನು ತಡೆಯುವ ಅಡ್ಡಗೋಡೆಯೊಂದಿತ್ತು. ದಾಟಿದವನ ಸಾವಿಗೆ ಅವನೇ ಹೊಣೆಯೆಂದು ಎಚ್ಚರಿಸುವ ಗ್ರೀಕ್ ಶಾಸನ ಅಲ್ಲಿತ್ತು. ಆ ಕಲ್ಲು 1871ರಲ್ಲಿ ದೊರೆತು ಇಂದು ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿದೆ. ಜೆರುಸಲೇಮಿನ ಬಡವರಿಗಾಗಿ ಯೆಹೂದ್ಯೇತರ ಸಭೆಗಳಿಂದ ಕೂಡಿಸಿದ ಕಾಣಿಕೆಯೊಡನೆ ಪೌಲರು ಅಲ್ಲಿಗೆ ಬಂದಾಗ, ಎಫೆಸದ ತ್ರೊಫಿಮನನ್ನು ಅವರು ದೇವಾಲಯದೊಳಗೆ ಕರೆತಂದರೆಂಬ ಸುಳ್ಳು ವದಂತಿ ಹಬ್ಬಿತು. ಉದ್ರಿಕ್ತ ಜನರ ಕೈಯಿಂದ ಅವರನ್ನು ಬಿಡಿಸಿದವರು ರೋಮ್ ಸೈನಿಕರು. ಕೈಸರೈಯದಲ್ಲಿ ಎರಡು ವರ್ಷ, ರೋಮಿನಲ್ಲಿ ಎರಡು ವರ್ಷ ಅವರು ಬಂಧನದಲ್ಲಿ ಕಳೆದರು. ಸೆರೆಯಿಂದ ಬರೆದುದೆಂದು ಸಂಪ್ರದಾಯವು ಹೇಳುವ ಎಫೆಸದವರ ಪತ್ರವು, ಕ್ರಿಸ್ತರು ಅಡ್ಡಗೋಡೆಯನ್ನು ಕೆಡವಿ ಇಬ್ಬರನ್ನೂ ಒಂದಾಗಿಸಿದರೆಂದು ಸಾರುತ್ತದೆ. ಇಂತಹ ಗೋಡೆಯ ಹೆಸರಿನಲ್ಲಿಯೇ ಸಂಕೋಲೆ ತೊಟ್ಟವರ ಬಾಳಿನ ಬೆಳಕಿನಲ್ಲಿ ಆ ಮಾತಿಗೆ ವಿಶೇಷ ತೂಕವುಂಟು.

ನೀರೋ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಶ. 64 ರಿಂದ 67ರ ನಡುವೆ, ಪೌಲರು ರೋಮಿನಲ್ಲಿ ಶಿರಚ್ಛೇದನಕ್ಕೆ ಗುರಿಯಾದರೆಂಬುದು ಧರ್ಮಸಭೆಯ ಪರಂಪರೆ. ಅವರ ಸಮಾಧಿಯ ಮೇಲಿನ ಮಹಾದೇವಾಲಯಕ್ಕೆ ಇಂದಿಗೂ ಕೋಟೆಗೋಡೆಯ ಹೊರಗಿನ ಸಂತ ಪೌಲರ ದೇವಾಲಯವೆಂದೇ ಹೆಸರು. ಹೊರಗಿನವರಿಗಾಗಿ ಬಾಳಿದವರು ಹೊರಗೆಯೇ ವಿಶ್ರಮಿಸಿದ್ದಾರೆ.

ಈ ಬಾಳು ನಮ್ಮನ್ನು ಸುಮ್ಮನೆ ಬಿಡುವಂತಹುದಲ್ಲ. ಬಳ್ಳಾರಿ ಧರ್ಮಪ್ರಾಂತ್ಯ 1949ರಲ್ಲಿ ಸ್ಥಾಪನೆಯಾದ ಮೇಲೆ ಈ ಸೀಮೆಯ ಚಿತ್ರವೇ ಬದಲಾಗಿದೆ. 1990ರ ದಶಕದಲ್ಲಿ ತೋರಣಗಲ್ಲಿಗೆ ಉಕ್ಕಿನ ಕಾರ್ಖಾನೆ ಬಂದಂದಿನಿಂದ ನೆರೆಯ ಕುರೆಕುಪ್ಪಕ್ಕೂ ಹಲವು ಭಾಷೆಗಳ ದುಡಿಯುವ ಜನ ಬಂದಿದ್ದಾರೆ. ಅವರನ್ನು ಊರಿನವರು, ಪರಊರಿನವರು ಎಂದು ಎಣಿಸುವ ಅಭ್ಯಾಸ ನಮಗೂ ಅಂಟಿಲ್ಲವೇ? ಒಂದೇ ಪರಮಪ್ರಸಾದವನ್ನು ಸ್ವೀಕರಿಸಿ ಹೊರಬಂದು, ಮದುವೆ ಮನೆಯ ಊಟದಲ್ಲಿ ಜಾತಿ ವಿಚಾರಿಸಿ ಎಲೆ ಬದಲಿಸುವವರು ನಮ್ಮ ನಡುವೆ ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೇ? ಅಂತಿಯೋಕ್ಯದ ಪಂಕ್ತಿಯಲ್ಲಿ ನಡೆದದ್ದೂ ಇದೇ.

ದೇವರು ಬಯಲು ಮಾಡಿದ ಯೋಜನೆಯನ್ನು ನಮ್ಮ ನಡತೆಯಿಂದ ಮತ್ತೆ ಮುಚ್ಚಿಡದಿರೋಣ. ಮುಂದಿನ ಭಾನುವಾರ ಬಲಿಪೂಜೆಯ ತರುವಾಯ, ಈವರೆಗೆ ಮಾತನಾಡಿಸದ ಒಂದು ಕುಟುಂಬವನ್ನು ಮನೆಗೆ ಕರೆದು, ನಮ್ಮ ಪಕ್ಕದಲ್ಲಿಯೇ ಕುಳ್ಳಿರಿಸಿ ಉಣಬಡಿಸೋಣ. ಅದಕ್ಕೆ ಬೇಕಾದ ದಿಟ್ಟತನವನ್ನು ಸಂತ ಪೌಲರು ನಮಗಾಗಿ ಬೇಡಲಿ.