ಯುದ್ಧ ಬೇಡವೆಂದ ಗಣಿ ಕಾರ್ಮಿಕ: ಜೇಮ್ಸ್ ಕೀರ್ ಹಾರ್ಡಿ

ಕೀರ್ ಹಾರ್ಡಿ ಎಂಬ ಹೆಸರು ನಮ್ಮ ಕರಾವಳಿಯ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ಬ್ರಿಟನ್ನಿನಲ್ಲಾದರೋ ಅವರು ಲೇಬರ್ ಪಕ್ಷವನ್ನು ಕಟ್ಟಿದವರಲ್ಲಿ ಪ್ರಮುಖರು, ಪಾರ್ಲಿಮೆಂಟಿನಲ್ಲಿ ಆ ಪಕ್ಷದ ಮೊದಲ ನಾಯಕರು ಎಂದು ಪ್ರಸಿದ್ಧರು. ಅವರ ಬಗ್ಗೆ ಬರೆಯುವವರು ಕೂಲಿಯ ಪ್ರಶ್ನೆ, ಎಂಟು ಗಂಟೆಯ ದುಡಿಮೆ, ಮಹಿಳೆಯರ ಮತದಾನದ ಹಕ್ಕು ಇವುಗಳನ್ನೇ ಹೆಚ್ಚಾಗಿ ಹೇಳುತ್ತಾರೆ. ನಾವಿಲ್ಲಿ ಅವರ ಬದುಕಿನ ಇನ್ನೊಂದು ಎಳೆಯನ್ನು ಹಿಡಿದು ಹೋಗುತ್ತೇವೆ. ಯುದ್ಧಕ್ಕೆ ಬೇಕಾದ ಕಲ್ಲಿದ್ದಲು, ಕಬ್ಬಿಣ, ತೋಪು, ಹಡಗು ಎಲ್ಲವೂ ಕಾರ್ಮಿಕರ ಕೈಯಿಂದಲೇ ಬರಬೇಕು. ಆ ಕೈಗಳು ಒಟ್ಟಾಗಿ ಕೆಲಸ ನಿಲ್ಲಿಸಿದರೆ ಯುದ್ಧ ನಡೆಯುವುದಾದರೂ ಹೇಗೆ ಎಂಬ ಪ್ರಶ್ನೆಯನ್ನು ಅವರು ಯುರೋಪಿನ ಕಾರ್ಮಿಕರ ಮುಂದಿಟ್ಟರು. ಹಾಗೆ ಕೇಳುವಾಗ ಅವರು ಯುದ್ಧನೌಕೆಗಳಿಗೆ ಕಲ್ಲಿದ್ದಲು ಅಗೆದು ಹೊಟ್ಟೆ ಹೊರೆಯುತ್ತಿದ್ದ ಜನರ ಪ್ರತಿನಿಧಿಯಾಗಿದ್ದರು. ಇದೇ ಇಲ್ಲಿ ಮುಖ್ಯವಾದ ಮಾತು.

ಹಾರ್ಡಿಯವರು ಹುಟ್ಟಿದ್ದು 1856ರ ಆಗಸ್ಟ್ 15ರಂದು, ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್‌ನಲ್ಲಿ. ತಾಯಿ ಮೇರಿ ಕೀರ್ ಅವರಿವರ ಮನೆಯಲ್ಲಿ ಕೆಲಸಕ್ಕಿದ್ದ ಅವಿವಾಹಿತೆ. ಆಮೇಲೆ ಆಕೆ ಹಡಗಿನ ಬಡಗಿ ಡೇವಿಡ್ ಹಾರ್ಡಿಯವರನ್ನು ಮದುವೆಯಾದರು. ಮಗನಿಗೆ ಬಂದದ್ದು ಆ ಮಲತಂದೆಯ ಹೆಸರು. ಶಾಲೆಯ ಭಾಗ್ಯ ಇರಲಿಲ್ಲ. ಎಂಟು ವರ್ಷ ತುಂಬುವ ಹೊತ್ತಿಗೇ ಹುಡುಗ ಗ್ಲಾಸ್ಗೋದಲ್ಲಿ ದುಡಿಯುತ್ತಿದ್ದ. ಮುಂದೆ ಒಂದು ರೊಟ್ಟಿ ಅಂಗಡಿಯಲ್ಲಿ ಮನೆಮನೆಗೆ ರೊಟ್ಟಿ ಮುಟ್ಟಿಸುವ ಕೆಲಸ ಸಿಕ್ಕಿತು. ಮಲತಂದೆಗೆ ಕೆಲಸವಿಲ್ಲ, ತಾಯಿ ತುಂಬು ಗರ್ಭಿಣಿ, ತಮ್ಮ ಸಾಯುವ ಸ್ಥಿತಿಯಲ್ಲಿ. ರಾತ್ರಿಯೆಲ್ಲ ತಮ್ಮನ ಬಳಿ ಕುಳಿತಿದ್ದ ಹುಡುಗ ಬೆಳಿಗ್ಗೆ ಕೆಲಸಕ್ಕೆ ತಡವಾಗಿ ಹೋದ. ಭಕ್ತಿವಂತರೆಂದು ಹೆಸರಾಗಿದ್ದ ಆ ಯಜಮಾನರು ಕುಟುಂಬದೊಂದಿಗೆ ಉಪಾಹಾರಕ್ಕೆ ಕುಳಿತಿದ್ದರಂತೆ. ಅಲ್ಲಿಂದಲೇ ಅವನನ್ನು ಕೆಲಸದಿಂದ ತೆಗೆದರು, ಆ ವಾರದ ಕೂಲಿಯನ್ನೂ ದಂಡವಾಗಿ ಹಿಡಿದುಕೊಂಡರು. ಈ ಘಟನೆಯನ್ನು ಹಾರ್ಡಿಯವರು ಕೊನೆಯವರೆಗೂ ಮರೆಯಲಿಲ್ಲ, ಬರೆದೂ ಇಟ್ಟರು.

ಹತ್ತನೆಯ ವಯಸ್ಸಿಗೆ ಅವರು ಕಲ್ಲಿದ್ದಲು ಗಣಿಗೆ ಇಳಿದರು. ಸುರಂಗದ ಕತ್ತಲೆಯಲ್ಲಿ ಒಬ್ಬನೇ ಕುಳಿತು, ಗಾಡಿ ಬಂದಾಗ ಗಾಳಿಯ ಬಾಗಿಲನ್ನು ತೆರೆದು ಮುಚ್ಚುವ ಕೆಲಸ. ಓದು ಕಲಿಸಿದ್ದು ತಾಯಿ. ಮುಂದೆ ದೀಪದ ಹೊಗೆ ಹಿಡಿಸಿ ಕಪ್ಪಾಗಿಸಿದ ಕಲ್ಲಿನ ಮೇಲೆ ಸೂಜಿಯಿಂದ ಗೀಚುತ್ತ ಶೀಘ್ರಲಿಪಿಯನ್ನೂ ಅವರೇ ಕಲಿತರು. ಇಪ್ಪತ್ತರ ಹರೆಯದಲ್ಲಿ ಕ್ರೈಸ್ತ ವಿಶ್ವಾಸಕ್ಕೆ ಮನಸಾರೆ ತಿರುಗಿ, ಇವ್ಯಾಂಜೆಲಿಕಲ್ ಯೂನಿಯನ್ ಎಂಬ ಪ್ರೊಟೆಸ್ಟೆಂಟ್ ಸಭೆಯಲ್ಲಿ ಬೋಧಕರಾದರು, ಮದ್ಯಪಾನದ ವಿರುದ್ಧ ದುಡಿದರು. ಗಣಿ ಕಾರ್ಮಿಕರನ್ನು ಸಂಘಟಿಸಿದ್ದಕ್ಕೆ ಯಾವ ಗಣಿಯಲ್ಲೂ ಕೆಲಸ ಸಿಗದಂತೆ ಮಾಲೀಕರು ಮಾಡಿದರು. 1886ರಲ್ಲಿ ಅಯರ್‌ಶೈರ್ ಗಣಿ ಕಾರ್ಮಿಕರ ಸಂಘದ ಕಾರ್ಯದರ್ಶಿಯಾದರು. ಆ ದಿನಗಳಲ್ಲಿ ಲಿಥುವೇನಿಯಾದಿಂದ ವಲಸೆ ಬಂದ ಕಾರ್ಮಿಕರ ಬಗ್ಗೆ ಅವರು ಬಹಳ ಕಟುವಾಗಿ ಮಾತನಾಡಿದ್ದೂ ಉಂಟು. ಹಾಗೆ ಬಂದವರಲ್ಲಿ ಹೆಚ್ಚಿನವರು ಬಡ ಕಥೊಲಿಕರು. ದೇಶ ದೇಶಗಳ ಕಾರ್ಮಿಕರು ಸಹೋದರರು ಎಂಬ ಪಾಠವನ್ನು ಹಾರ್ಡಿಯವರೂ ನಿಧಾನವಾಗಿಯೇ ಕಲಿತರು ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ.

1891ರಲ್ಲಿ ಜಗದ್ಗುರು 13ನೇ ಲಿಯೋ ಅವರು ಕಾರ್ಮಿಕರ ಸ್ಥಿತಿಗತಿಯ ಬಗ್ಗೆ ತಮ್ಮ ವಿಶ್ವಪತ್ರ ಹೊರಡಿಸಿದರು. ಅದರ ಮರು ವರ್ಷವೇ ಹಾರ್ಡಿಯವರು ಲಂಡನ್ನಿನ ಪೂರ್ವಕ್ಕಿರುವ ವೆಸ್ಟ್ ಹ್ಯಾಮ್ ಸೌತ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ಆಯ್ಕೆಯಾದರು. ಎಲ್ಲರೂ ಕಪ್ಪು ಕೋಟು, ಎತ್ತರದ ರೇಷ್ಮೆ ಟೋಪಿ ಧರಿಸಿ ಬರುತ್ತಿದ್ದ ಸಭೆಗೆ ಇವರು ಸಾಮಾನ್ಯ ಉಣ್ಣೆಬಟ್ಟೆಯ ಉಡುಪು, ಬಟ್ಟೆಯ ಟೋಪಿಯಲ್ಲಿ ಹೋದದ್ದು ದೊಡ್ಡ ಸುದ್ದಿಯಾಯಿತು. ಅದಕ್ಕಿಂತ ದೊಡ್ಡದು 1894ರ ಘಟನೆ. ಆ ಜೂನ್ 23ರಂದು ವೇಲ್ಸ್‌ನ ಸಿಲ್ಫಿನಿಡ್ ಗಣಿಯಲ್ಲಿ ಸ್ಫೋಟವಾಗಿ 290 ಮಂದಿ ಸತ್ತರು. ಅದೇ ದಿನ ರಾಜಮನೆತನದಲ್ಲಿ ಒಂದು ಗಂಡುಮಗು ಹುಟ್ಟಿತು. ಮಗುವಿನ ಜನನಕ್ಕೆ ಪಾರ್ಲಿಮೆಂಟು ಅಭಿನಂದನೆ ಸಲ್ಲಿಸುವಾಗ ಸತ್ತ ಕಾರ್ಮಿಕರ ಕುಟುಂಬಗಳಿಗೂ ಒಂದು ಸಾಂತ್ವನದ ಮಾತು ಸೇರಿಸಿ ಎಂದು ಹಾರ್ಡಿ ಕೇಳಿದರು. ಒಪ್ಪಲಿಲ್ಲ. ಇಡೀ ಸಭೆಯ ಗದ್ದಲದ ನಡುವೆ ಅವರೊಬ್ಬರೇ ನಿಂತು ವಿರೋಧಿಸಿದರು. ಮರು ವರ್ಷದ ಚುನಾವಣೆಯಲ್ಲಿ ಅವರು ಸೋತರು.

1899ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬೋಅರ್ ಯುದ್ಧ ಆರಂಭವಾಯಿತು. ಚಿನ್ನದ ಗಣಿಗಳ ಒಡೆಯರ ಲಾಭಕ್ಕಾಗಿ ಬಡವರ ಮಕ್ಕಳನ್ನು ಸಾಯಿಸುತ್ತಿದ್ದಾರೆ ಎಂದು ಹಾರ್ಡಿ ಊರೂರು ತಿರುಗಿ ಹೇಳಿದರು. ಯುದ್ಧದ ಅಮಲಿನಲ್ಲೇ 1900ರ ಚುನಾವಣೆ ನಡೆಯಿತು. ಆ ಗಾಳಿಯಲ್ಲೂ ದಕ್ಷಿಣ ವೇಲ್ಸ್‌ನ ಮರ್ಥರ್ ಟಿಡ್‌ವಿಲ್ ಕ್ಷೇತ್ರ ಅವರನ್ನು ಆರಿಸಿತು. ಅದು ಇಬ್ಬರು ಸದಸ್ಯರ ಕ್ಷೇತ್ರ. ಇನ್ನೊಬ್ಬ ಸದಸ್ಯ ಡಿ. ಎ. ಥಾಮಸ್ ಸ್ವತಃ ಗಣಿ ಮಾಲೀಕರು! ಈ ಊರಿಗೆ ಶಾಂತಿಯ ಪರಂಪರೆಯೂ ಇತ್ತು. ಪೀಸ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಹೆನ್ರಿ ರಿಚರ್ಡ್ 1868ರಿಂದ 1888ರವರೆಗೆ ಇದೇ ಕ್ಷೇತ್ರದ ಸದಸ್ಯರಾಗಿದ್ದರು. ಹಾರ್ಡಿಯವರು ಸಾಯುವವರೆಗೂ ಮರ್ಥರ್‌ನ ಪ್ರತಿನಿಧಿಯಾಗಿಯೇ ಉಳಿದರು.

ಆದರೆ ಮರ್ಥರ್, ಅಬರ್‌ಡೇರ್, ರೋಂಡಾ ಕಣಿವೆಗಳ ಕಲ್ಲಿದ್ದಲಿಗೆ ಇನ್ನೊಂದು ವಿಶೇಷವಿತ್ತು. ಹೊಗೆ ಕಡಿಮೆ, ಶಾಖ ಹೆಚ್ಚು. ಬ್ರಿಟಿಷ್ ನೌಕಾಪಡೆ ತನ್ನ ಹಡಗುಗಳಿಗೆ ಇದನ್ನೇ ಬಯಸುತ್ತಿತ್ತು. ಹೀಗಾಗಿ ಹಡಗುಗಳು ಹೆಚ್ಚಿದಷ್ಟೂ ಕಣಿವೆಯ ಕಾರ್ಮಿಕನ ಮನೆಯಲ್ಲಿ ಒಲೆ ಉರಿಯುವುದು ಖಾತ್ರಿ. 1906ರಲ್ಲಿ ಡ್ರೆಡ್‌ನಾಟ್ ಎಂಬ ಭಾರೀ ಯುದ್ಧನೌಕೆ ನೀರಿಗಿಳಿದ ಮೇಲೆ ಬ್ರಿಟನ್ ಮತ್ತು ಜರ್ಮನಿಯ ನಡುವೆ ಪೈಪೋಟಿಯೇ ಆರಂಭವಾಯಿತು. ಬ್ರಿಟನ್ನಿನ ನೌಕಾ ವೆಚ್ಚ 1909ರಲ್ಲಿ ಸುಮಾರು 3.5 ಕೋಟಿ ಪೌಂಡ್ ಇದ್ದದ್ದು 1914ರಲ್ಲಿ 5 ಕೋಟಿಯನ್ನು ದಾಟಿತು. ಇದೇ ಕಾಲದಲ್ಲಿ, 1909ರ ಜನವರಿಯಿಂದ, 70 ವರ್ಷ ದಾಟಿದ ಬಡ ವೃದ್ಧರಿಗೆ ವಾರಕ್ಕೆ 5 ಶಿಲಿಂಗ್ ಪಿಂಚಣಿ ಸಿಗತೊಡಗಿತು. ನಾವೇ ಲೆಕ್ಕ ಹಾಕಿ ನೋಡಿದೆವು. ಡ್ರೆಡ್‌ನಾಟ್ ಒಂದಕ್ಕೆ ತಗಲಿದ ವೆಚ್ಚ 17 ಲಕ್ಷ ಪೌಂಡ್‌ಗೂ ಹೆಚ್ಚು. ಆ ಹಣದಲ್ಲಿ ಸುಮಾರು 1,30,000 ವೃದ್ಧರಿಗೆ ಇಡೀ ಒಂದು ವರ್ಷದ ಪಿಂಚಣಿ ಕೊಡಬಹುದಿತ್ತು.

ಹಾರ್ಡಿಯವರು ನೌಕಾ ವೆಚ್ಚವನ್ನು ವಿರೋಧಿಸುತ್ತಲೇ ಬಂದರು. ಆದರೆ ಹಡಗುಕಟ್ಟೆ, ಶಸ್ತ್ರಾಸ್ತ್ರ ಕಾರ್ಖಾನೆಗಳಿದ್ದ ಊರುಗಳ ಲೇಬರ್ ಸದಸ್ಯರು ಅವರ ಜೊತೆ ನಿಲ್ಲಲಿಲ್ಲ. ತಮ್ಮ ಮತದಾರರ ಅನ್ನ ಅದರಿಂದಲೇ ಬರುತ್ತಿದೆ, ಕಾರ್ಖಾನೆ ಮುಚ್ಚಿದರೆ ಅವರಿಗೆ ಯಾರು ಗತಿ ಎಂಬುದು ಅವರ ಕಷ್ಟ. ಅದು ಸುಳ್ಳು ಕಷ್ಟವೇನಲ್ಲ. ಅದೇ ಕಷ್ಟ ಹಾರ್ಡಿಯವರ ಕ್ಷೇತ್ರದಲ್ಲೂ ಇತ್ತು. ಇದೇ ಸೈನ್ಯವನ್ನು ಮುಷ್ಕರ ಹೂಡಿದವರ ಮೇಲೂ ಕಳಿಸುತ್ತಾರೆ ಎಂದು ಅವರು ನೆನಪಿಸುತ್ತಿದ್ದರು. 1911ರ ಆಗಸ್ಟಿನಲ್ಲಿ ವೇಲ್ಸ್‌ನ ಲನೆಲ್ಲಿಯಲ್ಲಿ ರೈಲ್ವೆ ಮುಷ್ಕರದ ಸಮಯ ಸೈನಿಕರ ಗುಂಡಿಗೆ ಇಬ್ಬರು ಬಲಿಯಾದಾಗ ಆ ಮಾತು ನಿಜವಾಯಿತು.

1907ರಲ್ಲಿ ಲೋಕಪ್ರವಾಸ ಹೊರಟ ಹಾರ್ಡಿಯವರು ಭಾರತಕ್ಕೂ ಬಂದಿದ್ದರು. ವಿಭಜನೆಯಿಂದ ಕುದಿಯುತ್ತಿದ್ದ ಬಂಗಾಳದಲ್ಲಿ ಸುತ್ತಾಡಿ, ಕೆನಡಾಕ್ಕೆ ಕೊಟ್ಟಂಥ ಸ್ವಯಮಾಡಳಿತವನ್ನು ಭಾರತಕ್ಕೂ ಕೊಡಬೇಕೆಂದರು. ಲಂಡನ್ನಿನ ಪತ್ರಿಕೆಗಳು ಅವರನ್ನು ರಾಜದ್ರೋಹಿ ಎಂದು ಜರೆದವು.

1910ರಲ್ಲಿ ಕೋಪನ್‌ಹೇಗನ್‌ನಲ್ಲಿ ಅಂತರರಾಷ್ಟ್ರೀಯ ಸಮಾಜವಾದಿ ಅಧಿವೇಶನ ಸೇರಿತು. ಅಲ್ಲಿ ಹಾರ್ಡಿಯವರೂ ಫ್ರಾನ್ಸಿನ ಎದುವಾರ್ ವೈಯಾಂ ಅವರೂ ಸೇರಿ ಒಂದು ತಿದ್ದುಪಡಿ ತಂದರು. ಯುದ್ಧ ಸನ್ನಿಹಿತವಾದರೆ ಕಾರ್ಮಿಕರು ಸಾರ್ವತ್ರಿಕ ಮುಷ್ಕರ ಹೂಡಬೇಕು, ಮುಖ್ಯವಾಗಿ ಯುದ್ಧ ಸಾಮಗ್ರಿ ಒದಗಿಸುವ ಉದ್ಯಮಗಳಲ್ಲಿ ಎಂಬುದು ಅದರ ತಿರುಳು. ಜರ್ಮನ್ ಪ್ರತಿನಿಧಿಗಳು ಒಪ್ಪಲಿಲ್ಲ. ಸಂಘಟನೆ ಬಲವಾಗಿರುವ ದೇಶದಲ್ಲಿ ಮುಷ್ಕರ ಗೆಲ್ಲುತ್ತದೆ, ದುರ್ಬಲವಾಗಿರುವ ದೇಶದಲ್ಲಿ ಸೋಲುತ್ತದೆ. ಆಗ ಗೆದ್ದ ಕಾರ್ಮಿಕರ ದೇಶವೇ ಶತ್ರುವಿನ ಪಾಲಾಗುತ್ತದಲ್ಲ ಎಂದು ಕೇಳಿದರು. ಈ ಪ್ರಶ್ನೆಗೆ ಹಾರ್ಡಿಯವರ ಬಳಿ ಪೂರ್ತಿ ಉತ್ತರ ಇರಲಿಲ್ಲವೆಂದೇ ನಮಗೆ ತೋರುತ್ತದೆ. ಎಲ್ಲ ಕಡೆ ಏಕಕಾಲಕ್ಕೆ ನಿಲ್ಲಬೇಕು ಎಂಬುದಷ್ಟೇ ಅವರ ನಂಬಿಕೆ. ವಿಷಯವನ್ನು ಮುಂದಿನ ಅಧಿವೇಶನಕ್ಕೆ ದೂಡಲಾಯಿತು.

ಬಾಲ್ಕನ್ ಯುದ್ಧ ಹೊತ್ತಿಕೊಂಡ 1912ರ ನವೆಂಬರಿನಲ್ಲಿ ಐನೂರಕ್ಕೂ ಹೆಚ್ಚು ಪ್ರತಿನಿಧಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ತುರ್ತಾಗಿ ಸೇರಿದರು. ಅಲ್ಲಿನ ಪ್ರಾಚೀನ ಮಹಾದೇವಾಲಯವನ್ನೇ ಅವರಿಗೆ ಬಿಟ್ಟುಕೊಡಲಾಗಿತ್ತು. ಗಂಟೆಗಳ ನಾದದ ನಡುವೆ ಒಳಹೊಕ್ಕ ಆ ಸಭೆಯಲ್ಲಿ ಹಾರ್ಡಿಯವರೂ ಫ್ರಾನ್ಸಿನ ಜಾನ್ ಜೋರೆಸ್ ಅವರೂ ಯುದ್ಧದ ವಿರುದ್ಧ ಮಾತನಾಡಿದರು. ಬಾಸೆಲ್ ಎಂದೊಡನೆ ನಮ್ಮವರಿಗೆ ಬಾಸೆಲ್ ಮಿಷನ್ ನೆನಪಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದು, 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ತೆರೆದವರು ಆ ಊರಿನವರೇ. ಬಾಸೆಲ್‌ನ ಸಭೆ ತಡೆಯಲು ಬಯಸಿದ ಯುದ್ಧ ಕೊನೆಗೆ ನಮ್ಮ ನೇತ್ರಾವತಿಯ ದಡಕ್ಕೂ ಬಂತು. ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು, ಅದರ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು.

ಮುಂದಿನದೆಲ್ಲ ಒಂದೇ ವಾರದಲ್ಲಿ ಮುಗಿದುಹೋಯಿತು. 1914ರ ಜುಲೈ 28ರಂದು ಆಸ್ಟ್ರಿಯಾ ಸೆರ್ಬಿಯಾದ ಮೇಲೆ ಯುದ್ಧ ಸಾರಿತು. ಮರುದಿನ ಹಾರ್ಡಿ, ಜೋರೆಸ್ ಮುಂತಾದವರು ಬ್ರಸೆಲ್ಸ್‌ನಲ್ಲಿ ಸೇರಿ, ಆಗಸ್ಟಿನಲ್ಲಿ ವಿಯೆನ್ನಾದಲ್ಲಿ ನಡೆಯಬೇಕಿದ್ದ ಅಧಿವೇಶನವನ್ನು ಆಗಸ್ಟ್ 9ಕ್ಕೆ ಪ್ಯಾರಿಸಿನಲ್ಲಿ ನಡೆಸುವುದೆಂದು ತೀರ್ಮಾನಿಸಿದರು. ಹಾರ್ಡಿಯವರ ಮುಷ್ಕರದ ಪ್ರಶ್ನೆ ಚರ್ಚೆಗೆ ಬರಬೇಕಿದ್ದದ್ದು ಅಲ್ಲಿ. ಜುಲೈ 31ರ ರಾತ್ರಿ ಪ್ಯಾರಿಸಿನ ಹೋಟೆಲೊಂದರಲ್ಲಿ ಊಟಕ್ಕೆ ಕುಳಿತಿದ್ದ ಜೋರೆಸ್ ಅವರನ್ನು ಒಬ್ಬ ಗುಂಡಿಕ್ಕಿ ಕೊಂದ. ಆಗಸ್ಟ್ 2ರಂದು ಲಂಡನ್ನಿನ ಟ್ರಾಫಲ್ಗರ್ ಚೌಕದಲ್ಲಿ ಹಾರ್ಡಿ ಶಾಂತಿಗಾಗಿ ಮಾತನಾಡಿದರು. ಆಗಸ್ಟ್ 4ರಂದು ಬ್ರಿಟನ್ ಯುದ್ಧಕ್ಕಿಳಿಯಿತು. ಅದೇ ದಿನ ಜರ್ಮನಿಯ ಸಮಾಜವಾದಿಗಳು ತಮ್ಮ ಸರಕಾರದ ಯುದ್ಧ ವೆಚ್ಚಕ್ಕೆ ಮತ ನೀಡಿದರು. ಪ್ಯಾರಿಸಿನ ಅಧಿವೇಶನ ನಡೆಯಲೇ ಇಲ್ಲ.

ಆಗಸ್ಟ್ 6ರಂದು ಹಾರ್ಡಿಯವರು ಅಬರ್‌ಡೇರ್‌ನಲ್ಲಿ ತಮ್ಮ ಜನರ ಮುಂದೆ ನಿಂತರು. ಹದಿನಾಲ್ಕು ವರ್ಷ ಅವರನ್ನು ಗೆಲ್ಲಿಸಿದ್ದ ಗಣಿ ಕಾರ್ಮಿಕರೇ ಅಲ್ಲಿದ್ದವರು. ಆದರೆ ಮಾತನಾಡಲು ಬಿಡಲಿಲ್ಲ. ಕೂಗಿದರು, ರಾಷ್ಟ್ರಗೀತೆ ಹಾಡಿ ಅವರ ದನಿ ಅಡಗಿಸಿದರು. ಆ ಗದ್ದಲದ ಮುಂಚೂಣಿಯಲ್ಲಿ ಇದ್ದದ್ದು ಗಣಿ ಕಾರ್ಮಿಕರದೇ ನಾಯಕ ಸಿ. ಬಿ. ಸ್ಟ್ಯಾಂಟನ್. ಕೆಲವೇ ಗೆಳೆಯರೊಂದಿಗೆ ಹಾರ್ಡಿ ಹೊರನಡೆದರು. ಗೆತ್ಸೆಮನೆ ತೋಪಿನಲ್ಲಿ ಕ್ರಿಸ್ತರು ಪಟ್ಟ ಸಂಕಟ ಏನೆಂದು ತಮಗೀಗ ತಿಳಿಯಿತು ಎಂಬರ್ಥದ ಮಾತನ್ನು ಅವರು ಆಮೇಲೆ ಆಪ್ತರಲ್ಲಿ ಹೇಳಿಕೊಂಡರಂತೆ.

ಹೀಗಿದ್ದೂ, ಯುದ್ಧಕ್ಕೆ ಹೋದ ಹುಡುಗರ ಎದೆಗುಂದಿಸುವಂಥ ಅಪಸ್ವರ ಊರಿನಲ್ಲಿ ಏಳಬಾರದೆಂದು ಅದೇ ತಿಂಗಳು ಅವರು ಬರೆದರು. ಇದನ್ನು ಕೆಲವರು ದ್ವಂದ್ವವೆನ್ನುತ್ತಾರೆ. ಹೋದವರು ತಮ್ಮವರೇ ಮಕ್ಕಳಲ್ಲವೇ? ಯುದ್ಧವನ್ನು ಅವರು ಎಂದೂ ಒಪ್ಪಲಿಲ್ಲ. ಲೇಬರ್ ಪಕ್ಷದ ಬಹುಪಾಲು ಸದಸ್ಯರು ಸರಕಾರದ ಜೊತೆ ನಿಂತರು, ಕಾರ್ಮಿಕ ಸಂಘಗಳು ಮುಷ್ಕರಗಳನ್ನು ಕೈಬಿಟ್ಟವು. ಸೆಪ್ಟೆಂಬರಿನಲ್ಲಿ ಜಗದ್ಗುರುಗಳಾದ 15ನೇ ಬೆನೆಡಿಕ್ಟರ ಶಾಂತಿಯ ಮೊರೆಗೂ ಯಾರೂ ಕಿವಿಗೊಡಲಿಲ್ಲ. ಪಾರ್ಶ್ವವಾಯು ಬಡಿದು ಹಾರ್ಡಿಯವರ ದೇಹ ಕುಸಿಯಿತು. 1915ರ ಆರಂಭದಲ್ಲಿ ಪಾರ್ಲಿಮೆಂಟಿನಲ್ಲಿ ಅವರು ಆಡಿದ ಕೊನೆಯ ಮಾತುಗಳು, ಯುದ್ಧದ ನೆಪದಲ್ಲಿ ಮಕ್ಕಳನ್ನು ಶಾಲೆ ಬಿಡಿಸಿ ಹೊಲದ ಕೆಲಸಕ್ಕೆ ಹಚ್ಚುವುದರ ವಿರುದ್ಧವಾಗಿದ್ದವು.

ಆ ಜುಲೈಯಲ್ಲಿ ವಿಚಿತ್ರವೊಂದು ನಡೆಯಿತು. ದಕ್ಷಿಣ ವೇಲ್ಸ್‌ನ ಸುಮಾರು ಎರಡು ಲಕ್ಷ ಗಣಿ ಕಾರ್ಮಿಕರು ಕೂಲಿಯ ಪ್ರಶ್ನೆಯ ಮೇಲೆ ಕಾನೂನು ಮೀರಿ ಮುಷ್ಕರ ಹೂಡಿದರು. ನೌಕಾಪಡೆಯ ಕಲ್ಲಿದ್ದಲು ನಿಂತೀತೆಂದು ಗಾಬರಿಯಾದ ಸರಕಾರ ಸಚಿವ ಲಾಯ್ಡ್ ಜಾರ್ಜ್ ಅವರನ್ನೇ ಕಾರ್ಡಿಫ್‌ಗೆ ಓಡಿಸಿತು, ಒಂದು ವಾರದೊಳಗೆ ಮಣಿಯಿತು. ಯುದ್ಧದ ಕೀಲಿಕೈ ಕಾರ್ಮಿಕರ ಬಳಿ ಇದೆ ಎಂದು ಹಾರ್ಡಿ ಹೇಳುತ್ತಿದ್ದದ್ದು ಹೀಗೆ ಸಾಬೀತಾಯಿತು, ಆದರೆ ಅವರು ಬಯಸಿದ ಕಾರಣಕ್ಕಲ್ಲ.

1915ರ ಸೆಪ್ಟೆಂಬರ್ 26ರಂದು ಗ್ಲಾಸ್ಗೋದಲ್ಲಿ ನ್ಯುಮೋನಿಯಾದಿಂದ ಹಾರ್ಡಿ ತೀರಿಕೊಂಡರು. ವಯಸ್ಸು 59. ಅವರ ಸ್ಥಾನಕ್ಕೆ ನವೆಂಬರಿನಲ್ಲಿ ನಡೆದ ಉಪಚುನಾವಣೆಯಲ್ಲಿ ಲೇಬರ್ ಪಕ್ಷ ನಿಲ್ಲಿಸಿದ್ದು ಗಣಿ ಕಾರ್ಮಿಕರ ಸಂಘದ ಜೇಮ್ಸ್ ವಿನ್‌ಸ್ಟನ್ ಅವರನ್ನು. ಗೆದ್ದದ್ದು ಯುದ್ಧದ ಪರವಾಗಿ ನಿಂತ ಅದೇ ಸ್ಟ್ಯಾಂಟನ್. 1922ರಲ್ಲಿ ಸ್ಟ್ಯಾಂಟನ್ ಅಬರ್‌ಡೇರ್‌ನಲ್ಲಿ ಸೋತರು. ಅದೇ ವರ್ಷ ಮರ್ಥರ್‌ನಲ್ಲಿ ಯುದ್ಧವಿರೋಧಿಯಾಗಿದ್ದ ಆರ್. ಸಿ. ವಾಲ್‌ಹೆಡ್ ಗೆದ್ದರು.

ಅದಕ್ಕೂ ಮೊದಲು, 1920ರ ಮೇ ತಿಂಗಳಲ್ಲಿ, ಲಂಡನ್ನಿನ ಈಸ್ಟ್ ಇಂಡಿಯಾ ಹಡಗುಕಟ್ಟೆಯಲ್ಲಿ ಜಾಲಿ ಜಾರ್ಜ್ ಎಂಬ ಹಡಗು ನಿಂತಿತ್ತು. ಸೋವಿಯತ್ ರಷ್ಯಾದ ಮೇಲೆ ಯುದ್ಧ ನಡೆಸುತ್ತಿದ್ದ ಪೋಲೆಂಡಿಗೆ ಶಸ್ತ್ರಾಸ್ತ್ರ ಒಯ್ಯಲು ಬಂದ ಹಡಗು ಅದು. ಹಾರ್ಡಿಯವರನ್ನು ಮೊದಲು ಗೆಲ್ಲಿಸಿದ ವೆಸ್ಟ್ ಹ್ಯಾಮ್ ಇರುವುದು ಅಲ್ಲಿಂದ ಲೀ ನದಿಯ ಆಚೆ ದಡದಲ್ಲಿ. ಶಸ್ತ್ರಗಳನ್ನು ತುಂಬಲಾರೆವೆಂದು ಹಡಗುಕಟ್ಟೆಯ ಕಾರ್ಮಿಕರು ಕೈಕಟ್ಟಿ ನಿಂತರು. ಹಡಗಿಗೆ ಕಲ್ಲಿದ್ದಲು ಹಾಕುವವರೂ ಅವರ ಜೊತೆ ನಿಂತರು. ಕೊನೆಗೆ ಶಸ್ತ್ರಗಳನ್ನು ದಡಕ್ಕಿಳಿಸಿಯೇ ಹಡಗು ಹೊರಡಬೇಕಾಯಿತು.