ಎಲೆನ್ ರಿಚರ್ಡ್ಸ್ ಅಮ್ಮನವರು

ಅಮೆರಿಕಾ ದೇಶದ ಮ್ಯಾಸಚೂಸೆಟ್ಸ್ ಸಂಸ್ಥಾನದ ಡನ್‌ಸ್ಟಬಲ್ ಎಂಬ ಊರಿನಲ್ಲಿ 1842ನೆಯ ಇಸವಿಯಲ್ಲಿ ಎಲೆನ್ ಸ್ವಾಲೋರವರು ಜನಿಸಿದರು. ದುಡಿದು ಕೂಡಿಸಿದ ಹಣದಿಂದ ವ್ಯಾಸರ್ ಕಾಲೇಜನ್ನು ಸೇರಿ 1870ರಲ್ಲಿ ಪದವಿಯನ್ನು ಪಡೆದರು. ಅನಂತರ, ಅದುವರೆಗೆ ಸ್ತ್ರೀಯರನ್ನು ಸೇರಿಸಿಕೊಳ್ಳದಿದ್ದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯವು ಅವರನ್ನು ಶುಲ್ಕವಿಲ್ಲದೆ ಸೇರಿಸಿಕೊಂಡಿತು. ಇದು ತಮ್ಮ ಬಡತನಕ್ಕೆ ತೋರಿದ ದಯೆಯೆಂದು ಅವರು ಭಾವಿಸಿದ್ದರು. ಯಾರಾದರೂ ಆಕ್ಷೇಪಿಸಿದರೆ, ಈಕೆ ನಮ್ಮ ವಿದ್ಯಾರ್ಥಿನಿಯಲ್ಲವೆಂದು ಹೇಳಲು ಅನುಕೂಲವಾಗಲೆಂದೇ ಹಾಗೆ ಮಾಡಿದ್ದರೆಂಬುದು ತರುವಾಯ ತಿಳಿಯಿತು. ಆದರೂ 1873ರಲ್ಲಿ ಅಲ್ಲಿಯ ಪದವಿಯನ್ನೂ ಪಡೆದರು.

ಆ ವಿದ್ಯಾಲಯದ ಮೊದಲನೆಯ ತಂಡದ ಪದವೀಧರರೂ ಗಣಿಶಾಸ್ತ್ರದ ಅಧ್ಯಾಪಕರೂ ಆಗಿದ್ದ ರಾಬರ್ಟ್ ರಿಚರ್ಡ್ಸ್‌ರವರ ಪರಿಚಯವು ಅಲ್ಲಿಯೇ ಉಂಟಾಗಿ, 1875ರಲ್ಲಿ ಅವರ ವಿವಾಹವು ನೆರವೇರಿತು. ಮರುವರ್ಷವೇ ಸ್ತ್ರೀವಿದ್ಯಾ ಸಂಘವೊಂದರ ಸಹಾಯದಿಂದ ಆ ವಿದ್ಯಾಲಯದಲ್ಲಿ ಸ್ತ್ರೀಯರಿಗಾಗಿ ರಸಾಯನ ಪ್ರಯೋಗಶಾಲೆಯು ತೆರೆಯಲ್ಪಟ್ಟಿತು. ಅಮ್ಮನವರು ಸಂಬಳವಿಲ್ಲದೆ ಅಲ್ಲಿ ಬೋಧಿಸಿದ್ದಲ್ಲದೆ, ವರ್ಷ ವರ್ಷವೂ ಸ್ವಂತ ಹಣವನ್ನೂ ಅದಕ್ಕೆ ಕೊಟ್ಟರು. ಸ್ತ್ರೀಯರನ್ನು ಪುರುಷರೊಂದಿಗೆ ಸಮಾನವಾಗಿ ಸೇರಿಸಿಕೊಳ್ಳುವಂತಾದ ಮೇಲೆ, 1883ರಲ್ಲಿ ಆ ಪ್ರತ್ಯೇಕ ಶಾಲೆಯ ಅವಶ್ಯಕತೆಯೇ ಇಲ್ಲದೆ ಹೋಯಿತು. 1884ರಿಂದ ಅವರು ಅಲ್ಲಿಯೇ ಆರೋಗ್ಯ ರಸಾಯನಶಾಸ್ತ್ರದ ಉಪಾಧ್ಯಾಯಿನಿಯಾಗಿ, ಸಂಸ್ಥಾನದ ಕುಡಿಯುವ ನೀರಿನ ಸಹಸ್ರಾರು ಮಾದರಿಗಳನ್ನು ಪರೀಕ್ಷಿಸಿ, 1911ರಲ್ಲಿ ದೈವಾಧೀನರಾಗುವ ತನಕ ಸೇವೆ ಮಾಡಿದರು.

ಪ್ರಿಯ ಪೂರ್ವ ವಿದ್ಯಾರ್ಥಿನಿಯರೇ, ತಮಗೆ ಅರೆಮನಸ್ಸಿನಿಂದ ತೆರೆದ ಬಾಗಿಲನ್ನು ಈ ಅಮ್ಮನವರು ಹಿಂದೆ ಬರುವವರಿಗಾಗಿ ಪೂರ್ಣವಾಗಿ ತೆರೆದಿಟ್ಟರು. ಕಲಿತ ಶಾಲೆಯ ಋಣವನ್ನು ತೀರಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಮಾರ್ಗವುಂಟೇ?